ಗಿಟಾರ್‌ಗೆ ಯಾವ ಪಿಕಪ್ ಸ್ವಿಚ್? ಬ್ಲೇಡ್, ಟಾಗಲ್, ಸೂಪರ್‌ಸ್ವಿಚ್, ಪುಶ್-ಪುಲ್: ಆಯ್ಕೆ ಮತ್ತು ವೈರಿಂಗ್

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಬೇಗ ಸವೆಯುವ ಭಾಗಗಳಲ್ಲಿ ಪಿಕಪ್ ಸ್ವಿಚ್ ಒಂದು. ತಂತಿಗಳ ಕಂಪನವನ್ನು ಸಿಗ್ನಲ್ ಆಗಿಸುವ ಪಿಕಪ್‌ಗಳಲ್ಲಿ ಯಾವುದು ಕೇಳಬೇಕು ಎಂಬುದನ್ನು ತೀರ್ಮಾನಿಸುವುದು ಇದೇ. ಒಂದು ಸ್ಥಾನದಲ್ಲಿ ಕರಕರ ಸದ್ದು, ಇನ್ನೊಂದರಲ್ಲಿ ಮೌನ, ಲಿವರನ್ನು ಒತ್ತಿ ಹಿಡಿದರೆ ಮಾತ್ರ ಸ್ವರ. ಬದಲಿಸೋಣ ಎಂದು ಹುಡುಕಿದರೆ ನೋಡಲು ಒಂದೇ ತರಹ ಇರುವ, ಒಳಗೆ ಬೇರೆ ಬೇರೆ ಇರುವ ಸ್ವಿಚ್‌ಗಳು ಎದುರಾಗುತ್ತವೆ. ಬೆಲೆಯಲ್ಲೂ ಹಲವು ಪಟ್ಟು ಅಂತರ. ತಪ್ಪಾಗಿ ಕೊಂಡರೆ ತೂತಿಗೆ ಕೂರುವುದಿಲ್ಲ, ಕೂತರೂ ಬೇಕಾದ ಸದ್ದು ಬರುವುದಿಲ್ಲ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಇರುವ ಸ್ಟ್ರಾಟ್ (ಸ್ಟ್ರಾಟೋಕ್ಯಾಸ್ಟರ್) ಮಾದರಿಗೆ ಎರಡು ಪೋಲ್‌ನ ಸಾಮಾನ್ಯ 5-ವೇ ಬ್ಲೇಡ್ ಸಾಕು. ಎರಡು ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವ ಲೆಸ್ ಪಾಲ್ ಮಾದರಿಗೆ ಒಳ್ಳೆಯ 3-ವೇ ಟಾಗಲ್‌ಗಿಂತ ಬೇರೇನೂ ಬೇಡ. ಇನ್ನಷ್ಟು ಸದ್ದುಗಳು ಬೇಕೆನಿಸಿದರೆ ಒಂದು ಪುಶ್-ಪುಲ್ ಪಾಟ್ ಹಾಕಿ ನೋಡಿ (ಪಾಟ್ ಎಂದರೆ ವಾಲ್ಯೂಮ್, ಟೋನ್ ತಿರುಗಿಸುವ ನಿಯಂತ್ರಕ; ಇದನ್ನು ಎಳೆದರೆ ಸ್ವಿಚ್ಚೂ ಆಗುತ್ತದೆ). ಹೆಚ್ಚು ಪೋಲ್ ಇರುವ ಬ್ಲೇಡ್ ಸ್ವಿಚ್, ಅಂದರೆ ಸೂಪರ್‌ಸ್ವಿಚ್‌ನ ಸರದಿ ಅದರ ನಂತರ. ಇಂಟರ್‌ನೆಟ್ಟಿನಲ್ಲಿ ಸೂಪರ್‌ಸ್ವಿಚ್ ಹಾಕಿಸಿಕೊಳ್ಳಿ ಎನ್ನುವ ಸಲಹೆಗಳಲ್ಲಿ ಅರ್ಧಕ್ಕರ್ಧ, ಮಾಮೂಲಿ ಸ್ವಿಚ್‌ನ ಎರಡನೇ ಪೋಲನ್ನು ಸರಿಯಾಗಿ ಬಳಸಿದರೆ ಮುಗಿಯುವ ಕೆಲಸಗಳು.

ಪೋಲ್ ಮತ್ತು ಥ್ರೋ

ಸ್ವಿಚ್ ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮೊದಲು ಕೇಳಬೇಕಾದ್ದು ಎಷ್ಟು ಪೋಲ್, ಎಷ್ಟು ಥ್ರೋ ಎಂದು. ಒಂದೇ ಲಿವರ್‌ನಿಂದ ಒಟ್ಟಿಗೆ ಚಲಿಸುವ, ಆದರೆ ಒಂದರ ಕರೆಂಟು ಇನ್ನೊಂದಕ್ಕೆ ಹೋಗದ ಪ್ರತಿಯೊಂದು ವಿಭಾಗವೂ ಒಂದು ಪೋಲ್. ತಂತಿ ಬೆಸೆಯುವ ಲೋಹದ ನಾಲಿಗೆಯೇ ಲಗ್. ಆ ವಿಭಾಗದ ಕಾಮನ್ ಲಗ್ ಎಷ್ಟು ಬೇರೆ ಲಗ್‌ಗಳನ್ನು ಮುಟ್ಟಬಲ್ಲದೋ ಅಷ್ಟು ಥ್ರೋ.

ಮಾಮೂಲಿ 5-ವೇ ಬ್ಲೇಡ್‌ನಲ್ಲಿ ಐದು ಥ್ರೋ ಇಲ್ಲ, ಇರುವುದು ಮೂರೇ. ಎರಡು ಪೋಲ್, ಪ್ರತಿಯೊಂದಕ್ಕೂ ಮೂರು ಥ್ರೋ ಮತ್ತು ಒಂದು ಕಾಮನ್, ಒಟ್ಟು 8 ಲಗ್. 2 ಮತ್ತು 4ನೇ ಸ್ಥಾನದಲ್ಲಿ ಒಳಗಿನ ಸಂಪರ್ಕಪಟ್ಟಿ ಅಕ್ಕಪಕ್ಕದ ಎರಡು ಲಗ್‌ಗಳನ್ನು ಒಟ್ಟಿಗೆ ಮುಟ್ಟುತ್ತದೆ, ಅಷ್ಟೇ. ಇದಕ್ಕೊಂದು ಇತಿಹಾಸವಿದೆ. 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಬಂದಾಗ ಅದಕ್ಕಿದ್ದದ್ದು 3-ವೇ ಸ್ವಿಚ್. ಲಿವರನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿದರೆ ಎರಡು ಪಿಕಪ್ ಒಟ್ಟಿಗೆ ಕೇಳಿಸುತ್ತವೆ ಎಂದು ನುಡಿಸುವವರೇ ಕಂಡುಕೊಂಡರು. ಫೆಂಡರ್ 1977ರಲ್ಲಿ 5-ವೇ ಸ್ವಿಚ್ಚನ್ನು ಸ್ಟ್ರಾಟ್‌ಗೆ ಖಾಯಂ ಮಾಡಿತು. ಹಾಗಾಗಿ ಈ ಸ್ವಿಚ್‌ನಲ್ಲಿ ಬ್ರಿಜ್ (ತಂತಿಗಳು ದೇಹದ ಮೇಲೆ ಕೂರುವ ಬದಿಯ) ಮತ್ತು ನೆಕ್ (ಕತ್ತಿನ ಬದಿಯ) ಪಿಕಪ್‌ಗಳನ್ನು ಮಾತ್ರ ಜೋಡಿಸಲು ಬರುವುದಿಲ್ಲ, ಅವು ಅಕ್ಕಪಕ್ಕದ ಲಗ್‌ಗಳಲ್ಲ.

ಮುಂದೆ ಎಲ್ಲೆಡೆ 1ನೇ ಸ್ಥಾನ ಎಂದರೆ ಬ್ರಿಜ್, 5ನೇ ಸ್ಥಾನ ಎಂದರೆ ನೆಕ್.

ಬ್ಲೇಡ್: ತೆರೆದದ್ದೋ, ಡಬ್ಬಿಯದ್ದೋ

ತೆರೆದ ಮಾದರಿಯಲ್ಲಿ ದುಂಡನೆಯ ಪದರದ ಮೇಲೆ ಲಗ್‌ಗಳು ಎರಡು ಬದಿಗೆ ನಾಲ್ಕು ನಾಲ್ಕು ಇರುತ್ತವೆ, ಸ್ಪ್ರಿಂಗ್ ಕಣ್ಣಿಗೆ ಕಾಣುತ್ತದೆ. ಹಳೆಯ ಸಿಆರ್‌ಎಲ್, ಈಗಿನ ಓಕ್ ಗ್ರಿಗ್ಸ್‌ಬಿ ಈ ಜಾತಿ. ಡಬ್ಬಿಯ ಮಾದರಿ ಉದ್ದನೆಯ ಮುಚ್ಚಿದ ಪೆಟ್ಟಿಗೆ, 8 ಲಗ್‌ಗಳೂ ಒಂದೇ ಸಾಲಿನಲ್ಲಿ. ಕಡಿಮೆ ಬೆಲೆಯ ಸ್ಕ್ವಾಯರ್, ಯಮಹಾ, ಐಬನೆಜ್, ಕೋರ್ಟ್ ಗಿಟಾರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ.

ತೆರೆದದ್ದು ದುಬಾರಿ, ಆದರೆ ಬಾಳಿಕೆ ಹೆಚ್ಚು. ಸಂಪರ್ಕದ ಜಾಗ ಕಣ್ಣೆದುರೇ ಇರುವುದರಿಂದ ಶುಚಿ ಮಾಡಬಹುದು, ಸಡಿಲಾದ ಲೋಹದ ಎಲೆಯನ್ನು ಚಿಮಟದಿಂದ ಸ್ವಲ್ಪ ಬಗ್ಗಿಸಿ ಬಿಗಿ ಮಾಡಬಹುದು. ಅದೇ ಕಾರಣಕ್ಕೆ ಧೂಳು, ತೇವ ಸುಲಭವಾಗಿ ಒಳಹೊಗುತ್ತವೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಸಂಪರ್ಕಗಳು ಬೇಗ ಕಪ್ಪಾಗುತ್ತವೆ, ವರ್ಷಕ್ಕೊಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಹನಿಸಿ ಲಿವರನ್ನು ಇಪ್ಪತ್ತು ಮೂವತ್ತು ಸಲ ಆಡಿಸಬೇಕು. ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಇದಕ್ಕೆ ಬೇಡ, ಅದು ಜಿಡ್ಡು ಉಳಿಸಿ ಧೂಳನ್ನು ಹಿಡಿದಿಡುತ್ತದೆ. ಡಬ್ಬಿಯ ಸ್ವಿಚ್ ಒಳಗೆ ಒಮ್ಮೆ ಸವೆದರೆ ಎಸೆಯುವುದೇ ದಾರಿ. ಅದರ ಲಗ್‌ಗಳು ಪ್ಲಾಸ್ಟಿಕ್‌ಗೆ ಹತ್ತಿರವಿರುವುದರಿಂದ ಬೆಸುಗೆಯ ಐರನ್ ನಾಲ್ಕೈದು ಸೆಕೆಂಡು ಹೆಚ್ಚು ನಿಂತರೂ ಪ್ಲಾಸ್ಟಿಕ್ ಮೆದುವಾಗಿ ಲಗ್ ವಾಲುತ್ತದೆ. ಸ್ವಿಚ್ ಹೊಸದಾಗಿದ್ದೂ ಒಂದು ಸ್ಥಾನ ಬಂದು ಹೋಗಿ ಮಾಡುತ್ತಿದ್ದರೆ ಹಲವು ಸಲ ಕಾರಣ ಇದೇ.

ಡಬ್ಬಿಯಿಂದ ತೆರೆದದ್ದಕ್ಕೆ ಬದಲಾಗುವವರು ಮೂರು ಅಳತೆ ನೋಡಿಕೊಳ್ಳಬೇಕು. ಸ್ಕ್ರೂ ತೂತುಗಳ ನಡುವಿನ ಅಂತರ ಎರಡರಲ್ಲೂ ಸಾಮಾನ್ಯವಾಗಿ 41 ಮಿ.ಮೀ. ಆಸುಪಾಸು, ಅಲ್ಲಿ ತೊಂದರೆ ಕಡಿಮೆ. ತೆರೆದದ್ದು ಅಗಲ ಹೆಚ್ಚು, ಆಳವೂ ಬೇರೆ. ಅಗ್ಗದ ಗಿಟಾರ್‌ನ ಗುಳಿ ಡಬ್ಬಿಗಷ್ಟೇ ಕಡೆದಿದ್ದರೆ ಮರವನ್ನು ಸ್ವಲ್ಪ ಕೆತ್ತಬೇಕಾಗುತ್ತದೆ. ಮೂರನೆಯದು ಎಳೆ: ಅಮೆರಿಕನ್ ಸ್ವಿಚ್‌ಗಳ ಸ್ಕ್ರೂ ಇಂಚಿನ ಎಳೆಯದು, ಏಷ್ಯಾದಲ್ಲಿ ತಯಾರಾದವು ಮಿಲಿಮೀಟರಿನವು. ಹಳೆಯ ಸ್ಕ್ರೂ ಎರಡು ಸುತ್ತು ಹೋಗಿ ಬಿಗಿಯಾಯಿತು ಎಂದರೆ ಅಲ್ಲಿಗೇ ನಿಲ್ಲಿಸಿ. ಲಿವರ್‌ನ ದಪ್ಪವೂ ಬೇರೆ ಇರುವುದರಿಂದ ಹಳೆಯ ಟಿಪ್ (ಲಿವರ್ ತುದಿಯ ಟೋಪಿ) ಹೊಸದಕ್ಕೆ ಸಡಿಲಾಗಬಹುದು ಇಲ್ಲವೇ ಹತ್ತದೇ ಹೋಗಬಹುದು. ಟಿಪ್ಪನ್ನು ಸ್ವಿಚ್ ಜೊತೆಗೇ ಕೊಳ್ಳುವುದು ಜಾಣತನ.

ಡಬ್ಬಿಯ ಸ್ವಿಚ್‌ನಲ್ಲಿ ಯಾವ ಲಗ್ ಯಾವುದು ಎಂದು ಚಿತ್ರ ನೋಡಿ ನಂಬಬೇಡಿ, ತಯಾರಕರಿಂದ ತಯಾರಕರಿಗೆ ಸಾಲು ಬದಲಾಗುತ್ತದೆ. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ ಇಟ್ಟು, ಲಿವರನ್ನು 1ಕ್ಕೆ ತಳ್ಳಿ, ಯಾವ ಎರಡು ಲಗ್ ಬೀಪ್ ಕೊಡುತ್ತವೆ ಎಂದು ಬರೆದುಕೊಳ್ಳಿ. 3ರಲ್ಲಿ, 5ರಲ್ಲಿ ಹಾಗೆಯೇ. ಮೂರೂ ಸಲ ಕಾಣಿಸಿಕೊಂಡ ಲಗ್ಗೇ ಕಾಮನ್. ಹೀಗೆ ಎರಡು ಗುಂಪು ಸಿಗಬೇಕು. ನಂತರ 2 ಮತ್ತು 4ರಲ್ಲಿ ಕಾಮನ್‌ನಿಂದ ಎರಡೆರಡು ಲಗ್‌ಗೆ ಬೀಪ್ ಬರುತ್ತದೆಯೇ ನೋಡಿ. ಬರದಿದ್ದರೆ ಅದು 5-ವೇ ಅಲ್ಲ, ಅಥವಾ ಕೆಟ್ಟಿದೆ. ಇದಕ್ಕೆ ಐದು ನಿಮಿಷ ಸಾಕು. ಬೆಸುಗೆ ಹಾಕಿ ಬಿಚ್ಚುವುದಕ್ಕೆ ಒಂದು ಸಂಜೆ ಬೇಕು.

ಸ್ಟ್ರಾಟ್‌ನ ಮಾಮೂಲಿ ವೈರಿಂಗ್ ಹೀಗೆ. ಮೊದಲ ಪೋಲ್‌ನ ಮೂರು ಲಗ್‌ಗಳಿಗೆ ಬ್ರಿಜ್, ಮಿಡ್ಲ್, ನೆಕ್ ಪಿಕಪ್‌ಗಳ ಹಾಟ್ ತಂತಿಗಳು, ಅಂದರೆ ಸಿಗ್ನಲ್ ಒಯ್ಯುವವು. ಆ ಪೋಲ್‌ನ ಕಾಮನ್‌ನಿಂದ ಒಂದು ತಂತಿ ವಾಲ್ಯೂಮ್ ಪಾಟ್‌ನ ಒಳಬರುವ ಲಗ್‌ಗೆ, ಇನ್ನೊಂದು ತುಂಡು ತಂತಿ ಎರಡನೇ ಪೋಲ್‌ನ ಕಾಮನ್‌ಗೆ. ಎರಡನೇ ಪೋಲ್‌ನ ನೆಕ್ ಲಗ್‌ನಿಂದ ಮೊದಲ ಟೋನ್ ಪಾಟ್‌ಗೆ, ಮಿಡ್ಲ್ ಲಗ್‌ನಿಂದ ಎರಡನೇ ಟೋನ್ ಪಾಟ್‌ಗೆ. ಬ್ರಿಜ್ ಲಗ್ ಖಾಲಿ. ಅದಕ್ಕೇ ಹಳೆಯ ಕ್ರಮದಲ್ಲಿ ಬ್ರಿಜ್ ಪಿಕಪ್‌ಗೆ ಟೋನ್ ಇಲ್ಲ, ಸದ್ದು ಕಿವಿಗೆ ಚುಚ್ಚುತ್ತದೆ. ಎರಡನೇ ಪೋಲ್‌ನ ಬ್ರಿಜ್ ಲಗ್‌ಗೂ ಮಿಡ್ಲ್ ಲಗ್‌ಗೂ ನಡುವೆ ಅರ್ಧ ಇಂಚಿನ ತಂತಿ ಹಾಕಿದರೆ ಎರಡನೇ ಟೋನ್ ಬ್ರಿಜ್‌ಗೂ ಕೆಲಸ ಮಾಡುತ್ತದೆ. ಇದು ಎಲ್ಲರೂ ಮಾಡಬೇಕಾದ ತಿದ್ದುಪಡಿ, ಖರ್ಚು ಶೂನ್ಯ.

ಪಾಟ್‌ಗಳು ಸಿಂಗಲ್ ಕಾಯಿಲ್‌ಗೆ 250 ಕೆ (ಕಿಲೋ ಓಮ್), ಹಂಬಕರ್‌ಗೆ 500 ಕೆ. ಟೋನ್ ಕೆಪ್ಯಾಸಿಟರ್ 0.022 ಅಥವಾ 0.047 ಮೈಕ್ರೋಫ್ಯಾರಡ್.

3-ವೇ ಟಾಗಲ್

ಗಿಬ್ಸನ್ ಲೆಸ್ ಪಾಲ್ 1952ರಲ್ಲಿ ಬಂದಾಗಿನಿಂದ ಇರುವ ಈ ಸ್ವಿಚ್ ಸರಳತೆಯಲ್ಲಿ ಗೆಲ್ಲುತ್ತದೆ. ಒಳಗೆ ಇರುವುದು ಲೋಹದ ಎಲೆಗಳು. ಲಿವರ್ ನಡುವೆ ಇದ್ದಾಗ ಎರಡೂ ಕಡೆಯ ಎಲೆಗಳು ಮುಟ್ಟಿಕೊಂಡಿರುತ್ತವೆ, ಎರಡೂ ಪಿಕಪ್ ಕೇಳುತ್ತವೆ. ಲಿವರನ್ನು ಒಂದು ಬದಿಗೆ ತಳ್ಳಿದರೆ ಒಂದು ಕಡೆಯ ಎಲೆ ಬಿಟ್ಟುಕೊಳ್ಳುತ್ತದೆ. ಅಂದರೆ ಈ ಸ್ವಿಚ್ ಪಿಕಪ್ಪನ್ನು ಆರಿಸುವುದಿಲ್ಲ, ಬೇಡದ್ದನ್ನು ಬಿಡಿಸುತ್ತದೆ. ದೋಷ ಹುಡುಕುವಾಗ ಇದು ನೆನಪಿರಬೇಕು: ನೆಕ್ ಸ್ಥಾನದಲ್ಲಿ ಸದ್ದಿಲ್ಲ, ನಡುವೆಯೂ ಬ್ರಿಜ್ ಮಾತ್ರ ಕೇಳುತ್ತದೆ ಎಂದರೆ ನೆಕ್ ಕಡೆಯ ಎಲೆ ಕಪ್ಪಾಗಿದೆ ಇಲ್ಲವೇ ದೂರ ಬಾಗಿದೆ. ನೋಟಿನ ಕಾಗದದಂತಹ ಒರಟು ಕಾಗದದ ಪಟ್ಟಿಗೆ ಕ್ಲೀನರ್ ಹಚ್ಚಿ ಎಲೆಗಳ ನಡುವೆ ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಉಪ್ಪುಕಾಗದ ಹಾಕಿ ಉಜ್ಜಿದರೆ ಮೇಲಿನ ಲೇಪ ಹೋಗಿ ಇನ್ನೂ ಬೇಗ ಕಪ್ಪಾಗುತ್ತದೆ.

ಕೊಳ್ಳುವಾಗ ಆಳ ನೋಡಬೇಕು. ನೇರ ಉದ್ದನೆಯದು ಲೆಸ್ ಪಾಲ್‌ನ ದಪ್ಪ ದೇಹಕ್ಕೆ. ತೆಳು ದೇಹದ ಎಸ್‌ಜಿ ಮಾದರಿಗೆ ಅದು ಹಿಂದಿನ ಮುಚ್ಚಳಕ್ಕೆ ತಾಗುತ್ತದೆ, ಅಲ್ಲಿ ಲಗ್‌ಗಳು ಅಡ್ಡಕ್ಕಿರುವ ಗಿಡ್ಡ ಮಾದರಿ ಬೇಕು. ಸ್ವಿಚ್‌ಕ್ರಾಫ್ಟ್‌ನದ್ದು ಇಂಚಿನ ಎಳೆ, ತೂತು ಸುಮಾರು ಅರ್ಧ ಇಂಚು. ಅಗ್ಗದ ಡಬ್ಬಿ ಟಾಗಲ್‌ಗಳದ್ದು ಮಿಲಿಮೀಟರ್ ಎಳೆ, ಅದರ ನಟ್ಟಾಗಲಿ ಟಿಪ್ಪಾಗಲಿ ಇದಕ್ಕೆ ಬರುವುದಿಲ್ಲ.

ವೈರಿಂಗ್ ಸುಲಭ: ಹೊರಗಿನ ಎರಡು ಲಗ್‌ಗಳಿಗೆ ನೆಕ್ ಮತ್ತು ಬ್ರಿಜ್ ವಾಲ್ಯೂಮ್ ಪಾಟ್‌ಗಳಿಂದ ಬರುವ ತಂತಿ, ನಡುವಿನ ಎರಡನ್ನು ಒಂದಕ್ಕೊಂದು ಸೇರಿಸಿ ಅಲ್ಲಿಂದ ಜ್ಯಾಕ್‌ಗೆ, ಚೌಕಟ್ಟಿಗೆ ಸೇರಿದ ಲಗ್ ಗ್ರೌಂಡ್. ಲೆಸ್ ಪಾಲ್‌ನಲ್ಲಿ ಸ್ವಿಚ್ ಮೇಲಿನ ಭುಜದಲ್ಲಿ, ಪಾಟ್‌ಗಳು ಕೆಳಗೆ. ನಡುವಿನ ಉದ್ದಕ್ಕೆ ಹೆಣೆದ ಕವಚದ ತಂತಿಯೇ ಬೇಕು. ಬರೀ ತಂತಿ ಎಳೆದರೆ ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರಿನ ಗುಂಯ್ ಎಲ್ಲವೂ ಒಳಬರುತ್ತದೆ.

ಈ ಸರ್ಕ್ಯೂಟಿನ ಬಗ್ಗೆ ಒಂದು ದೂರು ಸದಾ ಕೇಳಿಬರುತ್ತದೆ. ನಡು ಸ್ಥಾನದಲ್ಲಿ ಒಂದು ವಾಲ್ಯೂಮ್ ಸೊನ್ನೆ ಮಾಡಿದರೆ ಎರಡೂ ಪಿಕಪ್ ಸತ್ತುಹೋಗುತ್ತವೆ. ಸ್ವಿಚ್ ಕೆಟ್ಟಿಲ್ಲ. ಸೊನ್ನೆಯಲ್ಲಿ ಆ ಪಾಟ್‌ನ ನಡು ಲಗ್ ಗ್ರೌಂಡ್ ಆಗುತ್ತದೆ, ನಡು ಲಗ್‌ಗಳೆರಡೂ ಸ್ವಿಚ್‌ನಲ್ಲಿ ಸೇರಿಕೊಂಡಿವೆ. ಪಿಕಪ್ ತಂತಿಯನ್ನು ನಡು ಲಗ್‌ಗೂ ಸ್ವಿಚ್‌ಗೆ ಹೋಗುವುದನ್ನು ಹೊರ ಲಗ್‌ಗೂ ಅದಲು ಬದಲು ಮಾಡಿದರೆ ಎರಡೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ, ಆದರೆ ವಾಲ್ಯೂಮ್ ಇಳಿಸಿದಂತೆ ಹೊಳಪು ಬೇಗ ಮಂಕಾಗುತ್ತದೆ. ವಾಲ್ಯೂಮ್ ಇಳಿಸಿ ಕ್ಲೀನ್ ನುಡಿಸುವವರು ಮೂಲ ಕ್ರಮದಲ್ಲೇ ಇರುವುದು ಒಳಿತು.

ಟೆಲಿಕ್ಯಾಸ್ಟರ್: 3-ವೇ ಅಥವಾ 4-ವೇ

1967ರಿಂದ ಟೆಲಿಯ ಕ್ರಮ ಬ್ರಿಜ್, ಎರಡೂ, ನೆಕ್. ಅದಕ್ಕೆ ಮೊದಲಿನ ಟೆಲಿಗಳಲ್ಲಿ ನಡು ಸ್ಥಾನ ಎರಡನ್ನೂ ಸಮವಾಗಿ ಕೂಡಿಸುತ್ತಿರಲಿಲ್ಲ. 4-ವೇ ಹಾಕಿದರೆ ಹೊಸದಾಗಿ ಸಿಗುವುದು ಎರಡು ಪಿಕಪ್‌ಗಳ ಸೀರೀಸ್ (ಒಂದರ ಹಿಂದೆ ಒಂದು) ಜೋಡಣೆ: ಸದ್ದು ಜೋರು, ನಡುಸ್ತರ ತುಂಬಿಕೊಂಡು ಹಂಬಕರ್ ಕಡೆಗೆ ವಾಲುತ್ತದೆ. ಟೆಲಿಯವರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬದಲಾವಣೆ ಬೇರೆಲ್ಲೂ ಸಿಗದು.

ಆದರೆ ಒಂದು ಷರತ್ತು. ಸೀರೀಸ್‌ನಲ್ಲಿ ನೆಕ್ ಪಿಕಪ್‌ನ ಗ್ರೌಂಡ್ ತುದಿ ಗ್ರೌಂಡ್‌ಗೆ ಹೋಗದೆ ಬ್ರಿಜ್ ಪಿಕಪ್‌ನ ಹಾಟ್‌ಗೆ ಸೇರುತ್ತದೆ. ಟೆಲಿಯ ನೆಕ್ ಪಿಕಪ್‌ಗೆ ಲೋಹದ ಮುಚ್ಚಳವಿದೆ, ಕಾರ್ಖಾನೆಯಲ್ಲೇ ಅದನ್ನು ಈ ಗ್ರೌಂಡ್ ತುದಿಗೆ ಒಂದು ಸಣ್ಣ ತುಂಡಿನಿಂದ ಬೆಸೆದಿರುತ್ತಾರೆ. ಹಾಗೇ ಬಿಟ್ಟರೆ ಸೀರೀಸ್ ಸ್ಥಾನದಲ್ಲಿ ಮುಚ್ಚಳವೇ ಸಿಗ್ನಲ್ ದಾರಿಯಲ್ಲಿರುತ್ತದೆ: ಕೈ ತಾಗಿದರೆ ಗುಂಯ್, ನುಡಿಸುವ ತಂತಿ ಮುಚ್ಚಳಕ್ಕೆ ಬಡಿದರೆ ಬ್ರಿಜ್ ಪಿಕಪ್ ಸದ್ದು ಅಳಿದುಹೋಗುತ್ತದೆ. ಆ ತುಂಡನ್ನು ಕತ್ತರಿಸಿ, ಮುಚ್ಚಳಕ್ಕೆ ಪ್ರತ್ಯೇಕ ತಂತಿ ಬೆಸೆದು ಪಾಟ್‌ನ ಬೆನ್ನಿಗೆ ಗ್ರೌಂಡ್ ಮಾಡಬೇಕು. ಪಿಕಪ್‌ನ ಕೆಳಗಿನ ಕಣ್ಣುಗಳಲ್ಲಿ ಕೂದಲಿಗಿಂತ ತೆಳುವಾದ ಸುರುಳಿ ತಂತಿ ಇರುತ್ತದೆ, ಅದು ಹರಿದರೆ ಪಿಕಪ್ ಮುಗಿದಂತೆ. ಕೈ ನಡುಗುವವರು ಈ ಒಂದು ಹಂತವನ್ನು ಅಂಗಡಿಯವರಿಂದ ಮಾಡಿಸಿ. 4-ವೇ ಲಿವರ್ ಕೊನೆಯ ಸ್ಥಾನದಲ್ಲಿ ಕಂಟ್ರೋಲ್ ಪ್ಲೇಟಿನ ಸೀಳಿಗೆ ತಾಗಿದರೆ ಸೀಳಿನ ತುದಿಯನ್ನು ಸಣ್ಣ ಅರದಿಂದ ಒಂದಿಷ್ಟು ಉಜ್ಜಬೇಕಾಗುತ್ತದೆ.

ಹಂಬಕರ್ ಇದ್ದರೆ: ಸೂಪರ್‌ಸ್ವಿಚ್ ಬೇಕೇ?

ಬ್ರಿಜ್‌ನಲ್ಲಿ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್ ಇರುವ ಗಿಟಾರ್ ನಮ್ಮಲ್ಲಿ ತುಂಬ. ಇದರಲ್ಲಿ 2ನೇ ಸ್ಥಾನಕ್ಕೆ ಬಂದಾಗ ಹಂಬಕರ್ ತಾನಾಗಿ ಅರ್ಧವಾಗಿ, ಸ್ಟ್ರಾಟ್‌ನ ಆ ಟೊಳ್ಳು ಮಧುರ ಸದ್ದು ಬರಬೇಕು ಎಂಬುದು ಸಾಮಾನ್ಯ ಆಸೆ. ಇದಕ್ಕೆ ಸೂಪರ್‌ಸ್ವಿಚ್ ಬೇಕಿಲ್ಲ.

ನಾಲ್ಕು ತಂತಿಯ ಹಂಬಕರ್‌ನಲ್ಲಿ ಎರಡು ಸುರುಳಿಗಳು ಸೇರುವ ಜಾಗ ಒಂದಿದೆ. ಸೀಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್, ಹಸಿರು ಗ್ರೌಂಡ್, ಬಿಳಿ ಮತ್ತು ಕೆಂಪು ಸೇರಿದ್ದು ಸಂಧಿ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಹಸಿರು ಗ್ರೌಂಡ್, ಕಪ್ಪು ಮತ್ತು ಬಿಳಿ ಸೇರಿದ್ದು ಸಂಧಿ. ಎರಡನ್ನೂ ಒಂದೇ ಎಂದುಕೊಂಡು ಬೆಸೆದರೆ ಸದ್ದು ಬರುವುದಿಲ್ಲ, ಬಂದರೂ ಬಡಕಲಾಗಿರುತ್ತದೆ. ಈಗ 5-ವೇ ಸ್ವಿಚ್‌ನ ಎರಡನೇ ಪೋಲ್‌ನ ಕಾಮನ್ನನ್ನು ಗ್ರೌಂಡ್ ಮಾಡಿ, ಅದೇ ಪೋಲ್‌ನ ಮಿಡ್ಲ್ ಲಗ್‌ಗೆ ಸಂಧಿಯ ತಂತಿಯನ್ನು ಬೆಸೆಯಿರಿ. ಎರಡು ಕಾಮನ್‌ಗಳ ನಡುವಿನ ಹಳೆಯ ತುಂಡು ತಂತಿಯನ್ನು ತೆಗೆದಿರಬೇಕು, ಇಲ್ಲವಾದರೆ ಇಡೀ ಗಿಟಾರ್ ಗ್ರೌಂಡ್ ಆಗಿ ಮೂಕಾಗುತ್ತದೆ. 1ನೇ ಸ್ಥಾನದಲ್ಲಿ ಮಿಡ್ಲ್ ಲಗ್ ಮುಟ್ಟುವುದಿಲ್ಲ, ಪೂರ್ತಿ ಹಂಬಕರ್. 2ರಲ್ಲಿ ಮುಟ್ಟುತ್ತದೆ, ಒಂದು ಸುರುಳಿ ಮಾತ್ರ ಉಳಿಯುತ್ತದೆ. 3 ಮತ್ತು 4ರಲ್ಲೂ ಮುಟ್ಟುತ್ತದೆ, ಆದರೆ ಅಲ್ಲಿ ಬ್ರಿಜ್ ಪಿಕಪ್ಪೇ ಹೊರಗಿದೆ. ಬೆಲೆ ತೆರಬೇಕಾದ್ದು ಒಂದೇ: ಎರಡನೇ ಪೋಲ್ ಖರ್ಚಾದ್ದರಿಂದ ಟೋನ್ ಪಾಟ್ ಎಲ್ಲ ಪಿಕಪ್‌ಗೂ ಸೇರಿ ಒಂದಾಗುತ್ತದೆ, ಅದನ್ನು ನೇರವಾಗಿ ವಾಲ್ಯೂಮ್ ಪಾಟ್‌ಗೆ ಸೇರಿಸಬೇಕು.

2ನೇ ಸ್ಥಾನದಲ್ಲಿ ಗುಂಯ್ ಕಡಿಮೆಯಾಗದಿದ್ದರೆ ಉಳಿದಿರುವ ಸುರುಳಿ ಮಿಡ್ಲ್ ಪಿಕಪ್‌ಗೆ ಜೋಡಿಯಾಗದ ಸುರುಳಿ ಎಂದರ್ಥ. ಎರಡನೇ ಪೋಲ್‌ನ ಕಾಮನ್ನನ್ನು ಗ್ರೌಂಡ್‌ನಿಂದ ಬಿಡಿಸಿ ಮೊದಲ ಪೋಲ್‌ನ ಬ್ರಿಜ್ ಲಗ್‌ಗೆ, ಅಂದರೆ ಬ್ರಿಜ್ ಪಿಕಪ್‌ನ ಹಾಟ್‌ಗೇ ಸೇರಿಸಿ. ಆಗ ಇನ್ನೊಂದು ಸುರುಳಿ ಉಳಿಯುತ್ತದೆ. ಹಾಟ್ ಮತ್ತು ಗ್ರೌಂಡ್ ತಂತಿ ಅದಲು ಬದಲು ಮಾಡಬೇಡಿ, ಫೇಸ್ ತಿರುಗಿ, ಅಂದರೆ ಎರಡು ಪಿಕಪ್‌ಗಳ ಸಿಗ್ನಲ್ ಒಂದಕ್ಕೊಂದು ಎದುರಾಗಿ, ಸದ್ದು ಮೂಗಿನಲ್ಲಿ ಹಾಡಿದಂತಾಗುತ್ತದೆ.

ಎರಡೂ ತುದಿಯಲ್ಲಿ ಹಂಬಕರ್, ನಡುವೆ ಸಿಂಗಲ್ ಇದ್ದರೆ ಕತೆ ಬೇರೆ. ಎರಡು ಸಂಧಿಗಳನ್ನೂ ಅದೇ ಮಿಡ್ಲ್ ಲಗ್‌ಗೆ ಬೆಸೆಯುವ ಆಸೆ ಬರುತ್ತದೆ. ಬೆಸೆದರೆ 1ನೇ ಸ್ಥಾನದಲ್ಲಿ ನೆಕ್ ಹಂಬಕರ್‌ನ ಕೆಳ ಸುರುಳಿ ಬ್ರಿಜ್ ಹಂಬಕರ್‌ನ ಕೆಳ ಸುರುಳಿಗೆ ಸಮಾನಾಂತರವಾಗಿ ಕೂತು, ಪೂರ್ತಿ ಹಂಬಕರ್ ಸದ್ದು ಎಲ್ಲೂ ಸಿಗುವುದಿಲ್ಲ. ಇಲ್ಲಿ ನಿಜವಾಗಿ ಹೆಚ್ಚು ಪೋಲ್ ಬೇಕು, ಸೂಪರ್‌ಸ್ವಿಚ್ ಬೇಕಾಗುವುದು ಇಂಥಲ್ಲಿ.

ಸೂಪರ್‌ಸ್ವಿಚ್ ಎಂದರೆ 4 ಪೋಲ್, 5 ಥ್ರೋ. ಪ್ರತಿ ಪೋಲ್‌ಗೂ ಒಂದು ಕಾಮನ್ ಸೇರಿ 24 ಲಗ್. ಐದು ಸ್ಥಾನಗಳೂ ಬೇರೆ ಬೇರೆ ಇರುವುದರಿಂದ ಪ್ರತಿ ಸ್ಥಾನಕ್ಕೂ ಬೇಕಾದ್ದನ್ನು ಬರೆಯಬಹುದು: 2ರಲ್ಲಿ ಬ್ರಿಜ್ ಮತ್ತು ನೆಕ್, 4ರಲ್ಲಿ ಸೀರೀಸ್, 3ರಲ್ಲಿ ಮೂರೂ. ಒಂದು ಪೋಲನ್ನು ಪಾಟ್‌ನ ಹೊರೆ ಬದಲಿಸಲೂ ಬಳಸಬಹುದು. 500 ಕೆ ಪಾಟ್ ಇಟ್ಟು, ಸಿಂಗಲ್ ಕಾಯಿಲ್ ಸ್ಥಾನಗಳಲ್ಲಿ ಮಾತ್ರ ಹಾಟ್ ಮತ್ತು ಗ್ರೌಂಡ್ ನಡುವೆ 470 ಕೆ ರೆಸಿಸ್ಟರ್ ಬರುವಂತೆ ಮಾಡಿದರೆ ಅವಕ್ಕೆ ಪಾಟ್ ಸುಮಾರು 250 ಕೆ ಇದ್ದಂತೆ ಕಾಣುತ್ತದೆ, ಚುಚ್ಚುವ ಸದ್ದು ತಗ್ಗುತ್ತದೆ. ಆದರೆ ಇದು ಅಗಲ, ಲಗ್‌ಗಳು ಒತ್ತೊತ್ತು. ಟೆಲಿಯ ಕಿರಿದಾದ ಗುಳಿಯಲ್ಲಿ ಇದನ್ನು ತುರುಕುವುದು ಹಿಂಸೆ. ಮೊದಲ ಬೆಸುಗೆ ಕೆಲಸಕ್ಕೆ ಇದನ್ನು ಆರಿಸಿಕೊಳ್ಳಬೇಡಿ. ಶಾಲರ್‌ನ ಮೆಗಾಸ್ವಿಚ್ ಸಣ್ಣ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರುವುದರಿಂದ ಅಚ್ಚುಕಟ್ಟು, ಆದರೆ ಅದರ ಒಂದೊಂದು ಮಾದರಿಗೂ ಬೇರೆ ನಕ್ಷೆ. ಸೂಪರ್‌ಸ್ವಿಚ್‌ನ ನಕ್ಷೆ ಹಿಡಿದು ಮೆಗಾಸ್ವಿಚ್ ಬೆಸೆಯಲಾಗದು.

ಪುಶ್-ಪುಲ್, ಮಿನಿ ಟಾಗಲ್, ರೋಟರಿ

ಪುಶ್-ಪುಲ್ ಪಾಟ್‌ನ ಕೆಳಗೆ 6 ಲಗ್‌ನ ಸ್ವಿಚ್ ಅಂಟಿಕೊಂಡಿರುತ್ತದೆ. ಹೊಸ ತೂತು ಬೇಡ, ಹೊರಗಿನಿಂದ ಗಿಟಾರ್ ಹಾಗೇ ಕಾಣುತ್ತದೆ, ಬೇಡವೆಂದರೆ ಹಳೆಯ ಪಾಟ್ ವಾಪಸ್ ಹಾಕಬಹುದು. ಸ್ಟ್ರಾಟ್‌ಗೆ ಇದರ ಅತ್ಯುತ್ತಮ ಉಪಯೋಗ: 5-ವೇಯ ನೆಕ್ ಲಗ್‌ನಿಂದ ಪುಶ್-ಪುಲ್‌ನ ಒಂದು ಕಾಮನ್‌ಗೆ ಒಂದು ತಂತಿ, ಎಳೆದಾಗ ಆ ಕಾಮನ್ ಮುಟ್ಟುವ ಲಗ್‌ನಿಂದ ವಾಲ್ಯೂಮ್ ಪಾಟ್‌ನ ಒಳ ಲಗ್‌ಗೆ ಇನ್ನೊಂದು. ಪಾಟ್‌ನ ಗುಬ್ಬಿ (ನಾಬ್) ಎಳೆದರೆ ನೆಕ್ ಪಿಕಪ್ ಯಾವ ಸ್ಥಾನದಲ್ಲಿದ್ದರೂ ಸೇರಿಕೊಳ್ಳುತ್ತದೆ. 1ರಲ್ಲಿ ಬ್ರಿಜ್ ಮತ್ತು ನೆಕ್, 2ರಲ್ಲಿ ಮೂರೂ. ಎರಡೇ ತಂತಿಗೆ 5 ಸದ್ದು 7 ಆಗುತ್ತವೆ. ತೊಂದರೆ ಆಳದ್ದು: ಮಾಮೂಲಿ ಪಾಟ್‌ಗಿಂತ ಇದು ಸುಮಾರು ಎರಡು ಪಟ್ಟು ಆಳಕ್ಕೆ ಇಳಿಯುತ್ತದೆ. ಲೆಸ್ ಪಾಲ್‌ನ ದಪ್ಪ ಮೇಲ್ಮೈಗೆ ಉದ್ದ ದಂಡಿನದ್ದೇ ಕೊಳ್ಳಬೇಕು.

ಮಿನಿ ಟಾಗಲ್ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ತೂತು 6 ಮಿ.ಮೀ. ಸಾಕು. ಆದರೆ ಕೊಳ್ಳುವಾಗ ‘ಆನ್-ಆಫ್-ಆನ್’ ಮತ್ತು ‘ಆನ್-ಆನ್-ಆನ್’ ಎರಡನ್ನೂ ಅಂಗಡಿಯವರು ‘ತ್ರೀ ವೇ’ ಎಂದೇ ಕೊಡುತ್ತಾರೆ. ಮೊದಲನೆಯದು ನಡುವೆ ಮೌನ. ಎರಡು ಪಿಕಪ್‌ಗಳನ್ನು ಆರಿಸಲು ಎರಡನೆಯದು ಬೇಕು, ಅದರ 6 ಲಗ್‌ಗಳ ವೈರಿಂಗ್ ಹೀಗೆ: ನಡುಸಾಲಿನ ಎರಡು ಲಗ್ ಸೇರಿಸಿ ಹೊರಹೋಗುವ ತಂತಿ, ಎದುರುಬದುರಿನ ಎರಡು ಮೂಲೆಗಳಿಗೆ, ಅಂದರೆ ಕರ್ಣದ ತುದಿಗಳಿಗೆ, ಒಂದೊಂದು ಪಿಕಪ್. ಇರುವುದು ಎರಡು ಕರ್ಣ. ತಪ್ಪು ಕರ್ಣ ಹಿಡಿದರೆ ನಡು ಸ್ಥಾನ ಮೂಕಾಗುತ್ತದೆ, ಎರಡು ತಂತಿಗಳನ್ನು ಇನ್ನೊಂದು ಕರ್ಣಕ್ಕೆ ಸರಿಸಿದರೆ ಆಯಿತು. ಪಿಕ್‌ಗಾರ್ಡ್‌ನಲ್ಲಿ (ಗಿಟಾರ್‌ನ ಮುಂಭಾಗದ ಹಲಗೆ) ಕೊರೆದ ತೂತು ಹಾಗೇ ಉಳಿಯುತ್ತದೆ ಎಂಬುದೊಂದೇ ಇದರ ವಿರುದ್ಧದ ಮಾತು. ಹಳೆಯ, ಮೌಲ್ಯವಿರುವ ಗಿಟಾರ್‌ಗೆ ಕೊರೆಯಬೇಡಿ.

ತಿರುಗಿಸಿ ಆರಿಸುವ ರೋಟರಿಯನ್ನು ಪಿಆರ್‌ಎಸ್ ಗಿಟಾರ್‌ಗಳು 1985ರಿಂದ ಪ್ರಸಿದ್ಧಗೊಳಿಸಿದವು. ಜೋಡಣೆಗಳು ಹೇರಳ, ಆದರೆ ವೇದಿಕೆಯ ಕತ್ತಲಲ್ಲಿ ಯಾವ ಸ್ಥಾನದಲ್ಲಿದ್ದೇವೆ ಎಂದು ಕೈಗೆ ತಿಳಿಯದು, 1ರಿಂದ 5ಕ್ಕೆ ಹೋಗಲು ನಡುವಿನವನ್ನೆಲ್ಲ ದಾಟಬೇಕು. ಸ್ಟುಡಿಯೋದವರಿಗೆ ಇರಲಿ.

ಬೆಸುಗೆ ಮತ್ತು ಪರೀಕ್ಷೆ

ಸ್ವಿಚ್‌ನ ಲಗ್‌ಗೆ 25 ವ್ಯಾಟ್ ಐರನ್ ಸಾಕು. ಪಾಟ್‌ನ ಬೆನ್ನು ಶಾಖ ಹೀರುವುದರಿಂದ ಅಲ್ಲಿಗೆ 40ರಿಂದ 60 ವ್ಯಾಟ್ ಬೇಕು. ದುರ್ಬಲ ಐರನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಪಾಟ್‌ನ ಒಳಗೆ ಸುಡುತ್ತದೆ, ಬೆಸುಗೆ ಮಾತ್ರ ಹತ್ತುವುದಿಲ್ಲ. ಸೋಲ್ಡರ್ 60/40, ಒಳಗೆ ರೋಸಿನ್ ಇರುವ 0.8 ಮಿ.ಮೀ. ತಂತಿ. ನಲ್ಲಿ ಪೈಪಿನ ಆಸಿಡ್ ಫ್ಲಕ್ಸ್ ಮುಟ್ಟಲೇಬೇಡಿ, ತಿಂಗಳುಗಳಲ್ಲಿ ಲಗ್ಗನ್ನು ತಿಂದುಹಾಕುತ್ತದೆ. ತಂತಿ 22 ಗೇಜ್. ಮೊದಲು ತಂತಿಯ ತುದಿಗೂ ಲಗ್‌ಗೂ ಬೇರೆ ಬೇರೆಯಾಗಿ ಸೋಲ್ಡರ್ ಲೇಪಿಸಿ, ನಂತರ ಸೇರಿಸಿ ಎರಡು ಮೂರು ಸೆಕೆಂಡು. ಬೆಸುಗೆ ಹಾಕುವಾಗ ತೆರೆದ ಸ್ವಿಚ್‌ನ ಲಗ್‌ಗಳು ಕೆಳಮುಖವಾಗಿರಲಿ, ಫ್ಲಕ್ಸ್ ಇಳಿದು ಸಂಪರ್ಕದ ಮೇಲೆ ಕೂತರೆ ಹೊಸ ಸ್ವಿಚ್ಚೂ ಕರಕರ ಎನ್ನುತ್ತದೆ.

ಹಳೆಯದನ್ನು ಬಿಚ್ಚುವ ಮೊದಲು ಎರಡು ಕೋನಗಳಿಂದ ಫೋಟೋ ತೆಗೆಯಿರಿ, ಪ್ರತಿ ತಂತಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ. ಮೂರು ಪಿಕಪ್‌ಗಳ ತಂತಿಯೂ ಬಿಳಿಯಾಗಿದ್ದರೆ ಫೋಟೋ ಒಂದೇ ನೆರವಿಗೆ ಬರುವುದಿಲ್ಲ.

ಪಿಕ್‌ಗಾರ್ಡ್ ಮುಚ್ಚುವ ಮೊದಲು ಮೀಟರ್ ಪರೀಕ್ಷೆ ಮಾಡಿ, ಆಂಪ್ಲಿಫಯರ್ ಬೇಡ. ವಾಲ್ಯೂಮ್, ಟೋನ್ ಪೂರ್ತಿ ಏರಿಸಿ, ಜ್ಯಾಕ್‌ಗೆ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯ ಪ್ಲಗ್‌ನ ಮೂತಿ ಮತ್ತು ಕೊಳವೆಯ ನಡುವೆ ಮೀಟರನ್ನು 20 ಕೆ ಓಮ್ ಸ್ಥಾನದಲ್ಲಿಟ್ಟು ಓದಿ. ಒಂದು ಸಿಂಗಲ್ ಕಾಯಿಲ್ ಸುಮಾರು 6 ಕೆ ತೋರಿಸಿದರೆ 2 ಮತ್ತು 4ನೇ ಸ್ಥಾನದಲ್ಲಿ ಸುಮಾರು 3 ಕೆ ಬರಬೇಕು, ಮೂರೂ ಸೇರಿದರೆ 2 ಕೆ. 8 ಕೆ ಹಂಬಕರ್ ಅರ್ಧವಾದಾಗ ಅದೊಂದರದ್ದೇ 4 ಕೆ. ಟೆಲಿಯ ಸೀರೀಸ್‌ನಲ್ಲಿ ಎರಡರ ಮೊತ್ತಕ್ಕಿಂತ ತುಸು ಕಡಿಮೆ. 2ನೇ ಸ್ಥಾನದಲ್ಲೂ 6 ಕೆ ಬಂದರೆ ಒಂದು ಪಿಕಪ್‌ನ ತಂತಿ ಮುಟ್ಟುತ್ತಿಲ್ಲ. ಮೀಟರ್ ಸೊನ್ನೆ ತೋರಿದರೆ ಹಾಟ್ ಎಲ್ಲೋ ಗ್ರೌಂಡ್‌ಗೆ ತಾಗಿದೆ: ಸ್ವಿಚ್‌ನ ಲಗ್ ಗುಳಿಯ ಗೋಡೆಗೆ ಅಂಟಿಸಿದ ತಾಮ್ರದ ಹಾಳೆಗೆ ಒತ್ತಿಕೊಂಡಿದೆಯೇ ಮೊದಲು ನೋಡಿ. ಮೀಟರನ್ನು ದೊಡ್ಡ ವ್ಯಾಪ್ತಿಗೆ ತಿರುಗಿಸಿದಾಗ 250 ಕೆ ಸುತ್ತ ಬಂದರೆ ಕಾಣುತ್ತಿರುವುದು ಬರೀ ವಾಲ್ಯೂಮ್ ಪಾಟ್, ಪಿಕಪ್ ಅದಕ್ಕೆ ಸೇರಿಯೇ ಇಲ್ಲ.

ಅಂಕಿಗಳೆಲ್ಲ ಸರಿಯಿದ್ದು ಎರಡು ಪಿಕಪ್ ಕೂಡಿದಾಗ ಮಾತ್ರ ಸದ್ದು ತೆಳುವಾಗಿ, ತಗ್ಗಿ ಕೇಳಿದರೆ ಫೇಸ್ ತಿರುಗಿದೆ, ಸ್ವಿಚ್‌ನ ತಪ್ಪಲ್ಲ. ಒಂದು ಪಿಕಪ್ ಮಾತ್ರ ಇರುವ ಸ್ಥಾನದಲ್ಲಿ ಮೀಟರ್ ಹಾಗೇ ಇಟ್ಟು, ಪಿಕಪ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಥಟ್ಟನೆ ಮೇಲೆತ್ತಿ. ಅಂಕಿ ಒಂದು ಕ್ಷಣ ಏರುತ್ತದೆ ಅಥವಾ ಇಳಿಯುತ್ತದೆ. ಎಲ್ಲ ಪಿಕಪ್‌ಗಳಲ್ಲೂ ಒಂದೇ ದಿಕ್ಕಿಗೆ ಹೋಗಬೇಕು. ಬೇರೆ ದಿಕ್ಕಿಗೆ ಹೋದ ಪಿಕಪ್ ಸಿಂಗಲ್ ಕಾಯಿಲ್ ಆಗಿದ್ದರೆ ಅದರ ಎರಡು ತಂತಿಗಳನ್ನು ಅದಲು ಬದಲು ಮಾಡಿ. ಲೋಹದ ಮುಚ್ಚಳ ಇದ್ದರೆ ಟೆಲಿಗೆ ಹೇಳಿದಂತೆ ಮುಚ್ಚಳದ ಗ್ರೌಂಡನ್ನು ಮೊದಲು ಬೇರ್ಪಡಿಸಬೇಕು. ಹಂಬಕರ್‌ನಲ್ಲಿ ನಾಲ್ಕು ತಂತಿ ಇದ್ದರೆ ಮಾತ್ರ ಹಾಟ್ ಮತ್ತು ಗ್ರೌಂಡ್ ಬಣ್ಣಗಳನ್ನು ಬದಲಿಸಿ, ಕವಚದ ಬರಿ ತಂತಿ ಮಾತ್ರ ಗ್ರೌಂಡ್‌ನಲ್ಲೇ ಇರಲಿ. ಬದಲಿಸಿದ ಮೇಲೆ ಆ ಹಂಬಕರ್ ಅರ್ಧವಾಗುವಾಗ ಉಳಿಯುವ ಸುರುಳಿಯೂ ಬೇರೆಯಾಗಿರುತ್ತದೆ, 2ನೇ ಸ್ಥಾನದ ಗುಂಯ್ ಮತ್ತೊಮ್ಮೆ ಕೇಳಿ ನೋಡಿ.